ವಂಶದ ಮೇಲೆ ಹೊರಿಸುವ ಸಕ್ಕರೆ

"ನಮ್ಮದು ಸಕ್ಕರೆ ಕಾಯಿಲೆಯ ವಂಶ, ಏನು ಮಾಡಿದರೂ ಅಷ್ಟೇ." ದೊಡ್ಡನೆಕ್ಕುಂದಿ ಕೆರೆಯ ದಂಡೆಯಲ್ಲೂ ಬಂಧುಗಳ ಮನೆಗಳಲ್ಲೂ ಈ ಮಾತು ಕೇಳುತ್ತಲೇ ಇದ್ದೇನೆ. ನಲವತ್ತು ತುಂಬದ ನನ್ನ ಶಿಷ್ಯರಲ್ಲೇ ಕೆಲವರು ಹೀಗೆಂದುಕೊಂಡು ರಕ್ತಪರೀಕ್ಷೆಯನ್ನು ಮುಂದೂಡುತ್ತಿದ್ದಾರೆ. ಇದನ್ನು ನಾನು ಒಪ್ಪಲಾರೆ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನು ತಯಾರಿಸುವ ಸೂಚನೆ ಇರುವುದು ಸುಮಾರು ಶೇ. 2 ಭಾಗದಲ್ಲಿ ಮಾತ್ರ. ಉಳಿದುದನ್ನು ಬಹುಕಾಲ 'ಕಸ' ಎಂದೇ ಕರೆದರು. ಆ ಕಸದಿಂದಲೂ ಆರ್‌ಎನ್‌ಎ ಹುಟ್ಟುತ್ತದೆ. ಅದು ಪ್ರೋಟೀನು ತಯಾರಿಸದಿದ್ದರೂ, ಬೇರೆ ವಂಶವಾಹಿಗಳು ಎಷ್ಟು ದುಡಿಯಬೇಕೆಂಬುದನ್ನು ನಿಯಂತ್ರಿಸಬಲ್ಲದು. ಇಂಥ ಮೈಕ್ರೋ ಆರ್‌ಎನ್‌ಎಯನ್ನು 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ತೋರಿಸಿಕೊಟ್ಟ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಸಂದಿತು. ಇಲಿಯ ಮೇದೋಜೀರಕ ಕೋಶಗಳಲ್ಲಿ ಮೈಕ್ರೋ ಆರ್‌ಎನ್‌ಎ-375 ಇನ್ಸುಲಿನ್ ಸ್ರವಿಕೆಯನ್ನು ತಗ್ಗಿಸುತ್ತದೆಂದು 2004ರಲ್ಲೇ ಕಂಡುಬಂದಿತ್ತು. ವ್ಯಾಯಾಮದಿಂದ ಇಂಥ ಕೆಲವು ಆರ್‌ಎನ್‌ಎಗಳ ಪ್ರಮಾಣವೇ ಬದಲಾಗುತ್ತದೆ. ವಂಶವಾಹಿ ಅದೇ, ಅದರ ದುಡಿಮೆ ಮಾತ್ರ ಬೇರೆ!

ತಂದೆತಾಯಿಗೆ ಮಧುಮೇಹವಿದ್ದರೆ ಅಪಾಯ ಹೆಚ್ಚು, ನಿಜ. ಆದ್ದರಿಂದಲೇ ಪರೀಕ್ಷೆ ಬೇಗ ಆಗಬೇಕು. (ಆರ್‌ಎನ್‌ಎ ಪರೀಕ್ಷೆಯೆಂಬ ಜಾಹೀರಾತು ಕಂಡು ಹಣ ಸುರಿಯಬೇಡಿ, ಎಚ್‌ಬಿಎ1ಸಿ ಸಾಕು.) ಈ ವಾರವೇ ಮಾಡಿಸಿ, ವರದಿ ಬಂದ ಮೇಲೆ ನನಗೊಂದು ಸಾಲು ಬರೆಯಿರಿ.