ಲೇಬಲ್ಲಿನ ಲೋಪಕ್ಕೂ ವಿಷದ ಕಲಬೆರಕೆಗೂ ಒಂದೇ ಭಯವೇಕೆ?

ಹಾಸನದ ಸಗಟು ಮಳಿಗೆಯಿಂದ ಬೇಳೆ, ಎಣ್ಣೆ, ಬೆಲ್ಲ ತಂದು ಬೂವನಹಳ್ಳಿಯಂತಹ ಊರಿನಲ್ಲಿ ಮಾರುವ ಕಿರಾಣಿ ವರ್ತಕನಿಗೆ ಆಹಾರ ಸುರಕ್ಷತೆಯ ನೋಟೀಸು ಬಂದರೆ ಮೊದಲು ಮೂಡುವುದು ಜೈಲಿನ ಭಯ. ಅದು ಹಳೆಯ ಕಾನೂನು ಬಿಟ್ಟುಹೋದ ಭಯ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯಲ್ಲಿ ಮಾನದಂಡಕ್ಕಿಂತ ಕೊಂಚ ಕೆಳಗಿಳಿದ ಮಾದರಿಯೂ ಕಲಬೆರಕೆಯ ವ್ಯಾಖ್ಯೆಯೊಳಗೇ ಬೀಳುತ್ತಿತ್ತು. ಶಿಕ್ಷೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಸೆರೆವಾಸ.

2011ರ ಆಗಸ್ಟ್ 5ರಂದು ಜಾರಿಗೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಈ ಗೊಂದಲವನ್ನು ಬಿಡಿಸಿತು. ಕಳಪೆ ಗುಣಮಟ್ಟಕ್ಕೆ 5 ಲಕ್ಷ ರೂ.ವರೆಗೆ, ತಪ್ಪು ಲೇಬಲ್ಲಿಗೆ 3 ಲಕ್ಷ ರೂ.ವರೆಗೆ ದಂಡ ಮಾತ್ರ, ಸೆರೆವಾಸವಿಲ್ಲ. ಸೆರೆವಾಸವಿರುವುದು ಮುಖ್ಯವಾಗಿ ಅಸುರಕ್ಷಿತ ಆಹಾರಕ್ಕೆ. ಅದರಲ್ಲಿಯೂ ಮೆಟ್ಟಿಲುಗಳಿವೆ: ತಿಂದವರಿಗೆ ಹಾನಿಯಾದರೆ ಒಂದು ವರ್ಷದವರೆಗೆ, ತೀವ್ರ ಹಾನಿಯಾದರೆ ಆರು ವರ್ಷದವರೆಗೆ, ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೆ. ಯಾರಿಗೂ ಹಾನಿಯಾಗದ ಪ್ರಕರಣದಲ್ಲಿದ್ದ ಆರು ತಿಂಗಳ ಮಿತಿಯನ್ನು 2023ರ ಜನವಿಶ್ವಾಸ ಕಾಯಿದೆ ಮೂರು ತಿಂಗಳಿಗೆ ಇಳಿಸಿ, ದಂಡದ ಮಿತಿಯನ್ನು 1 ಲಕ್ಷದಿಂದ 3 ಲಕ್ಷಕ್ಕೆ ಏರಿಸಿತು.

ವರ್ಗೀಕರಣವೇನೋ ನ್ಯಾಯವಾದುದೇ. ಆದರೆ ಸೆರೆಮನೆಯ ಬಾಗಿಲು ಮುಚ್ಚಿತೆಂದು ಸಣ್ಣ ವರ್ತಕನು ನಿಶ್ಚಿಂತನಾಗಿರಲು ಸಾಧ್ಯವಿಲ್ಲ. 5 ಲಕ್ಷವೆಂಬುದು ದೊಡ್ಡ ಕಂಪನಿಗೆ ಒಂದು ದಿನದ ಜಾಹೀರಾತಿನ ಖರ್ಚು; ಹಳ್ಳಿಯ ಅಂಗಡಿಗೆ ಇಡೀ ಬಂಡವಾಳ. ದಂಡ ನಿಗದಿ ಮಾಡುವವರು ಮ್ಯಾಜಿಸ್ಟ್ರೇಟರಲ್ಲ, ಅಪರ ಜಿಲ್ಲಾ ದಂಡಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ನ್ಯಾಯನಿರ್ಣಯಾಧಿಕಾರಿ. ಗಳಿಸಿದ ಅಕ್ರಮ ಲಾಭವೆಷ್ಟು, ಇತರರಿಗಾದ ನಷ್ಟವೆಷ್ಟು, ತಪ್ಪು ಮರುಕಳಿಸಿದೆಯೇ, ಅದು ಅರಿವಿಲ್ಲದೆ ನಡೆದುದೇ ಎಂಬುದನ್ನು ಅವರು ಪರಿಗಣಿಸಲೇಬೇಕೆಂದು 49ನೇ ಕಲಮು ವಿಧಿಸುತ್ತದೆ. ಈ ಪರಿಗಣನೆ ಪ್ರತಿಯೊಂದು ಆದೇಶದಲ್ಲಿಯೂ ಕಾರಣಸಹಿತ ಕಾಣಿಸಬೇಕೆಂದು ವರ್ತಕ ಸಂಘಗಳು ಒತ್ತಾಯಿಸುವುದು ಅಗತ್ಯ. ಕಿರು ತಯಾರಕರು ಮತ್ತು ಚಿಲ್ಲರೆ ವ್ಯಾಪಾರಿಗಳ ಪ್ರಕರಣಗಳನ್ನು, ಸೆರೆವಾಸವಿಲ್ಲದ ಅಪರಾಧಗಳಲ್ಲಿ, 1 ಲಕ್ಷ ರೂ. ಮೀರದ ಮೊತ್ತಕ್ಕೆ ರಾಜಿಯಾಗಿಸುವ 69ನೇ ಕಲಮೂ ಪುಸ್ತಕದಲ್ಲಿಯೇ ಉಳಿಯಬಾರದು.

ನೋಟೀಸು ಕೈಸೇರಿದಾಗ ಮೊದಲು ನೋಡಬೇಕಾದುದು ಕಲಮಿನ ಸಂಖ್ಯೆಯನ್ನು. 51 ಅಥವಾ 52 ಇದ್ದರೆ ವಿಷಯ ದಂಡದ್ದು; 59 ಇದ್ದರೆ ವಿಳಂಬವಿಲ್ಲದೆ ವಕೀಲರನ್ನು ಕಾಣಬೇಕು. ವಿಶ್ಲೇಷಕರ ವರದಿಯನ್ನು ಪ್ರಶ್ನಿಸಲು 30 ದಿನಗಳ ಅವಕಾಶವಿದೆ. ಇನ್ನೊಂದು ಮಾತು: ಸಗಟು ಮಳಿಗೆಯವರು ಕೊಡುವ ಬಿಲ್ಲೇ ಕಾನೂನಿನ ದೃಷ್ಟಿಯಲ್ಲಿ ಸರಕಿನ ಖಾತರಿ ಪತ್ರ. ನಾಲ್ಕು ಕಾಸಿನ ರಿಯಾಯಿತಿಗಾಗಿ ಅದನ್ನು ಬೇಡವೆನ್ನುವ ವರ್ತಕರು ಈಗಲೂ ಇದ್ದಾರೆ.