ಹಿತ್ತಿಲ ಕೋಗಿಲೆ

ಪಂಪನ ಬನವಾಸಿಯ ವರ್ಣನೆಯನ್ನು 18 ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ದುಂಬಿಯಾಗಿಯಾದರೂ ಸರಿ, ಕೋಗಿಲೆಯಾಗಿಯಾದರೂ ಸರಿ, ಆ ನಾಡಿನಲ್ಲಿಯೇ ಹುಟ್ಟಬೇಕೆಂಬ 10ನೆಯ ಶತಮಾನದ ಆ ಕವಿಯ ಹಂಬಲವನ್ನು ವಿವರಿಸುವಾಗ ನನ್ನ ದನಿಯೂ ಕೊಂಚ ಏರುವುದುಂಟು. ಈ ಚೈತ್ರದಲ್ಲಿ ಒಂದು ಬೆಳಗ್ಗೆ ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ, ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳಿದ್ದ ಹಕ್ಕಿಯೊಂದು ಪರಂಗಿಯ ಹಣ್ಣನ್ನು ಕುಕ್ಕುತ್ತಿತ್ತು. “ಯಾವುದೋ ಗಿಡುಗನ ಜಾತಿ” ಎಂದೆ. “ಅಲ್ಲಪ್ಪ, ಅದು ಹೆಣ್ಣು ಕೋಗಿಲೆ” ಎಂದಳು ಮಗಳು. ಗಿಡುಗ ಪರಂಗಿಯ ಹಣ್ಣನ್ನು ತಿನ್ನದೆಂಬುದು ಕೂಡ ಆಗ ನನಗೆ ಹೊಳೆಯಲಿಲ್ಲ.

ಕಪ್ಪು ಮೈ ಗಂಡಿನದು. ‘ಕುಹೂ’ ಎಂಬ ಇಂಪೂ ಅದರದೇ. ಹೆಣ್ಣಿನದು ಕಿರುಚಿದಂಥ ಕೂಗು. ಕೋಗಿಲೆಯ ಹಾಡನ್ನು ಹೆಣ್ಣಿನ ಕೊರಳಿಗೆ ಕಟ್ಟಿ ನಾನು ಬರೆಯಿಸಿದ ಟಿಪ್ಪಣಿಗಳು ಎಷ್ಟು ವಿದ್ಯಾರ್ಥಿಗಳ ಪುಸ್ತಕಗಳಲ್ಲಿವೆಯೋ! ನಾಚಿಕೆಯ ಸಂಗತಿಯೆಂದರೆ, ಹಳೆಯ ಕವಿಗಳಿಗೆ ಇದು ತಿಳಿದಿತ್ತು. ‘ಕುಮಾರಸಂಭವ’ದ ಮೂರನೆಯ ಸರ್ಗದ ವಸಂತದಲ್ಲಿ ಕಾಳಿದಾಸ ಹಾಡಿಸಿದ್ದು ‘ಪುಂಸ್ಕೋಕಿಲ’ವನ್ನು, ಎಂದರೆ ಗಂಡು ಕೋಗಿಲೆಯನ್ನು. ಆ ಪದದ ಅರ್ಥವನ್ನು ನಾನು ಬಲ್ಲೆ. ಅದು ಹೇಳುವ ಹಕ್ಕಿಯನ್ನು ಅರಿಯೆ.

ಕೋಗಿಲೆಗೆ ‘ಪರಪುಷ್ಟ’ ಎಂಬ ಹೆಸರೂ ಇದೆಯಷ್ಟೆ. ಕಾಗೆಯ ಗೂಡಿನಲ್ಲಿ ಅದು ಮೊಟ್ಟೆಯಿಡುವುದನ್ನು ಯಾರೋ ತಾಳ್ಮೆಯಿಂದ ಕಾದು ಕಂಡಿರಬೇಕು. ದುಂಬಿಯನ್ನು ‘ಷಟ್ಪದ’ವೆಂದವನು ಅದರ ಕಾಲುಗಳನ್ನು ಎಣಿಸಿರಲೇಬೇಕು. ನಮ್ಮ ವಿದ್ಯಾರ್ಥಿಗಳು ಷಟ್ಪದಿಯ ಮಾತ್ರೆಗಳನ್ನು ತಪ್ಪಿಲ್ಲದೆ ಎಣಿಸುತ್ತಾರೆ. ದುಂಬಿಯ ಕಾಲುಗಳನ್ನು ಎಣಿಸಿದವರು ಎಷ್ಟು ಮಂದಿ? ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾತ್ರ ಬಲ್ಲವರಿಗೆ ಅದು ಮುಸ್ಸಂಜೆಯಲ್ಲಿ ಬಿರಿಯುವ ಹೊತ್ತು ತಿಳಿಯುವುದೆಂತು? ನಿಘಂಟಿನಲ್ಲಿ ಒಣಗಿ ಕುಳಿತಿರುವ ಇಂಥ ಮಾತುಗಳೆಲ್ಲ ಹಿಂದೊಮ್ಮೆ ಯಾರದೋ ಹಿತ್ತಿಲಿನಲ್ಲಿ ಕಣ್ಣಿಗೆ ಬಿದ್ದವು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, “ಕವಿಸಮಯಕ್ಕೆ ಪಕ್ಷಿಶಾಸ್ತ್ರವೇಕೆ? ಚಕೋರ ಬೆಳುದಿಂಗಳನ್ನು ಕುಡಿಯುವುದಿಲ್ಲವೆಂದು ಪದ್ಯವನ್ನು ಬಿಟ್ಟುಬಿಡುವಿರಾ?” ಎಂದು ನಕ್ಕರು. ಬಿಡುವುದಿಲ್ಲ. ಆದರೆ ಕವಿ ಕಂಡದ್ದು ಯಾವುದು, ಕಟ್ಟಿದ್ದು ಯಾವುದು ಎಂಬ ವಿವೇಕ ಹಕ್ಕಿಯನ್ನೇ ನೋಡದವನಿಗೆ ಬರಲಾರದು. ಪಠ್ಯದಲ್ಲಿ ವಸಂತವರ್ಣನೆಯಿದ್ದ ವರ್ಷ, ಒಂದು ತಿಂಗಳು ಒಂದೇ ಗಿಡವನ್ನು ನೋಡಿ ಬರೆಯುವ ಕೆಲಸವನ್ನು ವಿದ್ಯಾರ್ಥಿಗೆ ಕೊಡಬಾರದೇಕೆ? ಉಪನ್ಯಾಸಕನೂ ಬರೆಯಲಿ.

ನಾನು ಆರಂಭಿಸಿದ್ದೇನೆ. ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೆಂದು ಒರೆಸಹೋದದ್ದು ಚಿಟ್ಟೆಯ ಮರಿಹುಳುವಾಗಿತ್ತು. ಕೆಲವು ದಿನಗಳಲ್ಲಿಯೇ ಅದು ವೇಷ ಬದಲಿಸಿ ಎಲೆಯ ಹಸುರಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಗೊಂಬನ್ನು ಚಾಚಿ ಘಾಟು ಬೀರುತ್ತದೆ. ಗಿಡದ ಅರ್ಧ ಎಲೆಗಳು ಅದರ ಮತ್ತು ಅದರ ಒಡಹುಟ್ಟಿದವರ ಪಾಲು. ಮನೆಯಾಕೆಗೆ ಇದು ಒಪ್ಪಿಗೆಯಿಲ್ಲ. ಆಕೆಯ ವಾದದಲ್ಲಿ ನ್ಯಾಯವಿಲ್ಲದೆ ಇಲ್ಲ.

ಇನ್ನೊಂದನ್ನೂ ಹೇಳಿಬಿಡಬೇಕು. ತರಗೆಲೆ ಗುಡಿಸಿ ಬೇಸತ್ತು, ನಿಂಬೆಯನ್ನೂ ಮಲ್ಲಿಗೆಯ ಪೊದೆಯನ್ನೂ ತೆಗೆಸಿ ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಲು ಯುಗಾದಿಗೆ ಮೊದಲೇ ಮೇಸ್ತ್ರಿಗೆ ಮುಂಗಡ ಕೊಟ್ಟಿದ್ದೆ. ಕಳೆದ ವಾರ ಆತ ಹಾರೆ ಹಿಡಿದು ಬಂದಾಗ ಮಾವಿನ ಮರದಲ್ಲಿ ಕಾಗೆಯೊಂದು ಕಾವಿಗೆ ಕುಳಿತಿತ್ತು. ಅನತಿದೂರದಲ್ಲಿ ಆ ಚುಕ್ಕೆಯ ಹಕ್ಕಿಯೂ ಇತ್ತು. ಗೂಡಿನಿಂದ ಏಳುವ ಮರಿ ಯಾರದೆಂದು ನೋಡದೆ ಕೆಲಸ ಬೇಡವೆಂದೆ. ಆತ ನನ್ನನ್ನು ಒಂದು ಬಗೆಯಾಗಿ ನೋಡಿ ಹೊರಟುಹೋದ. ಮುಂಗಡವನ್ನು ಹಿಂದಿರುಗಿಸುವ ಮಾತನ್ನು ಆತ ಎತ್ತಲಿಲ್ಲ, ನಾನೂ ಕೇಳಲಿಲ್ಲ.