ಮುಖದ ಕ್ರೀಮು: ಮುಂಬದಿಯ ಹೆಸರು, ಹಿಂಬದಿಯ ಲೆಕ್ಕ

ಯಾವುದೇ ಜಿಲ್ಲಾ ಕೇಂದ್ರದ ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಲ್ಲಿ ಮುಖದ ಮಾಯಿಶ್ಚರೈಸರುಗಳ ಹತ್ತಾರು ಬಗೆಗಳು ಸಾಲಾಗಿ ನಿಂತಿರುತ್ತವೆ. ಒಂದರ ಮೇಲೆ ಕೇಸರಿಯ ಎಸಳು, ಇನ್ನೊಂದರ ಮೇಲೆ ಲೋಳೆಸರದ ಎಲೆ, ಮತ್ತೊಂದರ ಮೇಲೆ ಶ್ರೀಗಂಧದ ಕೊರಡು. ಬೆಲೆಗಳ ನಡುವೆ ಹಲವು ಪಟ್ಟು ಅಂತರ. ಆದರೆ ಡಬ್ಬಿಗಳನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರೆ ಮೊದಲ ಐದಾರು ಹೆಸರುಗಳು ಬಹುಮಟ್ಟಿಗೆ ಒಂದೇ ಕುಟುಂಬಕ್ಕೆ ಸೇರಿದವು: ನೀರು, ಗ್ಲಿಸರಿನ್, ಸ್ಟಿಯರಿಕ್ ಆಮ್ಲ ಅಥವಾ ಸೆಟೈಲ್ ಆಲ್ಕೋಹಾಲ್, ಲಿಕ್ವಿಡ್ ಪ್ಯಾರಫಿನ್, ಡೈಮೆಥಿಕೋನ್. ಪ್ರತಿಯೊಂದು ಕಂಪನಿಯ ಲಾಭಾಂಶವನ್ನು ಬಾಯಿಪಾಠವಾಗಿ ಹೇಳಬಲ್ಲ ವರ್ತಕರು ಸಹ ಈ ಪಟ್ಟಿಯನ್ನು ಓದುವುದು ಅಪರೂಪ. ಸಣ್ಣ ತಯಾರಕರಲ್ಲಿ ಹಲವರು ಅದನ್ನು ಇಲಾಖೆಯ ಕಾಟವೆಂದೇ ಭಾವಿಸಿದ್ದಾರೆ. ಈ ಎರಡೂ ಧೋರಣೆಗಳು ನಷ್ಟದ ಬಾಬತ್ತುಗಳೇ ಆಗಿವೆ.

ಪಟ್ಟಿಯನ್ನು ಮನಬಂದಂತೆ ಬರೆಯುವಂತಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, ಶೇ. 1ಕ್ಕಿಂತ ಹೆಚ್ಚು ಪ್ರಮಾಣದಲ್ಲಿರುವ ಘಟಕಗಳನ್ನು ಅವುಗಳ ತೂಕ ಅಥವಾ ಗಾತ್ರದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು; ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವುವನ್ನು ಆನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಈ ಒಂದು ವಾಕ್ಯವನ್ನು ಅರಿತವನಿಗೆ ಡಬ್ಬಿಯ ಹಿಂಬದಿಯು ಆಸ್ತಿ-ಹೊಣೆ ಪಟ್ಟಿಯಂತೆಯೂ ಮುಂಬದಿಯು ವಾರ್ಷಿಕ ವರದಿಯಲ್ಲಿನ ಅಧ್ಯಕ್ಷರ ಭಾಷಣದಂತೆಯೂ ಕಾಣತೊಡಗುತ್ತವೆ. ಭಾಷಣವನ್ನಷ್ಟೇ ಓದಿ ಷೇರು ಕೊಂಡವರ ಪಾಡು ಎಲ್ಲರಿಗೂ ತಿಳಿದದ್ದೇ.

ಶೇ. 1ರ ಗೆರೆ ಎಲ್ಲಿದೆ ಎಂಬುದನ್ನು ತಯಾರಕರು ಹೇಳುವುದಿಲ್ಲ. ಅದನ್ನು ಊಹಿಸಲು ಒಂದು ಉಪಾಯವಿದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವು ಇಂದು ಬಹಳಷ್ಟು ಕ್ರೀಮುಗಳಲ್ಲಿ ಬಳಕೆಯಲ್ಲಿದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಅದರ ಗರಿಷ್ಠ ಮಿತಿ ಶೇ. 1, ರೂಢಿಯಲ್ಲಿಯೂ ಅದನ್ನು ಈ ಮಿತಿಯೊಳಗೇ ಹಾಕಲಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಅದರ ನಂತರ ಬರುವ ಯಾವ ಹೆಸರೂ ಶೇ. 1ನ್ನು ಮೀರಿರಲಾರದು. ಅದಕ್ಕೆ ಮುಂಚೆ ಬಂದದ್ದೆಲ್ಲ ಶೇ. 1ಕ್ಕಿಂತ ಹೆಚ್ಚೆಂದು ಮಾತ್ರ ತಿಳಿಯಬಾರದು. ಗೆರೆಯ ಕೆಳಗಿನವುಗಳನ್ನು ಹೇಗೆ ಬೇಕಾದರೂ ಜೋಡಿಸುವ ಸ್ವಾತಂತ್ರ್ಯವಿರುವುದರಿಂದ ಆಕರ್ಷಕ ಹೆಸರುಗಳನ್ನು ಮೊದಲು ಬರೆದು ಸಂರಕ್ಷಕವನ್ನು ಕೊನೆಗೆ ದೂಡುವುದೂ ಉಂಟು.

ಕೇಸರಿಯ ಕ್ರೀಮನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 100 ಕಿಲೋಗ್ರಾಂ ತಯಾರಿಕೆಗೆ ಶೇ. 0.01ರಷ್ಟು ಕೇಸರಿಯ ಸಾರವನ್ನು ಬೆರೆಸಿದರೆ ಬೇಕಾಗುವುದು 10 ಗ್ರಾಂ. ಅದರಿಂದ 50 ಗ್ರಾಮಿನ 2,000 ಟ್ಯೂಬುಗಳು ತುಂಬುತ್ತವೆ; ಪ್ರತಿ ಟ್ಯೂಬಿನ ಪಾಲಿಗೆ 5 ಮಿಲಿಗ್ರಾಂ. ಹೀಗೆ ಮಾಡುವುದನ್ನು ಪಟ್ಟಿಯ ನಿಯಮವು ತಡೆಯುವುದಿಲ್ಲ, ಕೇಸರಿಯ ಹೆಸರು ಪಟ್ಟಿಯಲ್ಲಿರುವುದೂ ಸುಳ್ಳಲ್ಲ. ಆದರೆ ಗ್ರಾಹಕರು ಹಣ ತೆತ್ತದ್ದು ಯಾವುದಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ. ಹಾಗೆಂದು ಅಲ್ಪ ಪ್ರಮಾಣವೆಲ್ಲ ಮೋಸವೆಂದು ತೀರ್ಮಾನಿಸುವುದೂ ಸಲ್ಲದು. ಸೋಡಿಯಂ ಹಯಲುರೊನೇಟನ್ನು ಶೇಕಡಾ ಒಂದರ ಹತ್ತನೆಯ ಭಾಗದಷ್ಟು ಹಾಕುವುದೂ ಸಾಮಾನ್ಯ, ಶೇ. 1ರ ದ್ರಾವಣವೇ ಲೋಳೆಯಾಗಿಬಿಡುತ್ತದೆ. ನಿಯಾಸಿನಮೈಡಿನ ವಿಷಯ ಬೇರೆ. ಅದನ್ನು ಸಾಮಾನ್ಯವಾಗಿ ಶೇ. 2ರಿಂದ 5ರವರೆಗೆ ಬಳಸಲಾಗುತ್ತದೆ. ಮುಂಬದಿಯಲ್ಲಿ ದೊಡ್ಡಕ್ಷರಗಳಲ್ಲಿ ಮೆರೆಯುವ ಅದರ ಹೆಸರು ಹಿಂಬದಿಯಲ್ಲಿ ಫಿನಾಕ್ಸಿಎಥನಾಲಿನ ಆಚೆಗೆ ಕಂಡುಬಂದರೆ ವರ್ತಕರು ಹುಬ್ಬೇರಿಸಬಹುದು.

ಇನ್ನು ಕ್ರೀಮಿನ ಮುಖ್ಯ ಶರೀರದ ಮಾತು. ಚರ್ಮದ ತೇವವನ್ನು ಕಾಪಾಡುವ ವಸ್ತುಗಳು ಸ್ಥೂಲವಾಗಿ ಮೂರು ವರ್ಗದವು. ಗ್ಲಿಸರಿನ್, ಸಾರ್ಬಿಟಾಲ್, ಯೂರಿಯಾ ಮೊದಲಾದವು ನೀರನ್ನು ಹಿಡಿದಿಡುತ್ತವೆ. ಸೆಟೈಲ್ ಆಲ್ಕೋಹಾಲ್, ಐಸೊಪ್ರೊಪೈಲ್ ಮಿರಿಸ್ಟೇಟ್, ಸಸ್ಯತೈಲಗಳು ಒರಟು ಚರ್ಮವನ್ನು ನಯಗೊಳಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಫಿನ್, ಡೈಮೆಥಿಕೋನ್, ಜೇನುಮೇಣಗಳು ಮೇಲೆ ಪದರವಾಗಿ ನಿಂತು ನೀರು ಆವಿಯಾಗದಂತೆ ತಡೆಯುತ್ತವೆ. ಈ ಕೊನೆಯ ಕೆಲಸದಲ್ಲಿ ಅಗ್ಗದ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ವಸ್ತು ದುಬಾರಿ ಡಬ್ಬಿಗಳಲ್ಲಿಯೂ ಸಿಗುವುದಿಲ್ಲ. ಅದರ ದೋಷವೆಂದರೆ ಜಿಡ್ಡು. ಧಾರವಾಡದ ಚಳಿಗಾಲದಲ್ಲಿ ಕೈಬಿಡದ ಗಿರಾಕಿ ಮಂಗಳೂರಿನ ಸೆಕೆಯಲ್ಲಿ ಅದನ್ನು ಮುಟ್ಟಲಾರ. ಒಂದೇ ಕಂಪನಿಯ ಒಂದೇ ಸರಕನ್ನು ಎರಡೂ ಊರುಗಳಿಗೆ ಒಂದೇ ಪ್ರಮಾಣದಲ್ಲಿ ತುಂಬಿಸುವ ವಿತರಕರು ದಾಸ್ತಾನಿನ ಪಟ್ಟಿಯ ಜೊತೆಗೆ ಘಟಕಗಳ ಪಟ್ಟಿಯನ್ನೂ ನೋಡಿದರೆ ವಾಪಸಾತಿ ತಗ್ಗೀತು.

ಸಣ್ಣ ತಯಾರಕರ ಹಳೆಯ ನೆಚ್ಚಿನ ಸರಕಾದ ವ್ಯಾನಿಷಿಂಗ್ ಕ್ರೀಮಿನಲ್ಲಿ ಸ್ಟಿಯರಿಕ್ ಆಮ್ಲದ ಒಂದು ಪಾಲನ್ನು ಕ್ಷಾರದೊಡನೆ ಸೇರಿಸಿ ಸಾಬೂನಾಗಿಸಲಾಗುತ್ತದೆ. ಆ ಸಾಬೂನೇ ಉಳಿದ ಆಮ್ಲವನ್ನೂ ನೀರನ್ನೂ ಬೆಸೆಯುತ್ತದೆ. ಇಲ್ಲಿ ಆಮ್ಲದ ದರ್ಜೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ರಬ್ಬರು ಮತ್ತು ಮೇಣದ ಬತ್ತಿಯ ಉದ್ದಿಮೆಗೆ ಹೋಗುವ ದರ್ಜೆಯನ್ನೂ ಸೌಂದರ್ಯವರ್ಧಕದ ದರ್ಜೆಯನ್ನೂ ಪಟ್ಟಿಯಲ್ಲಿ ಒಂದೇ ಹೆಸರಿನಿಂದ ಬರೆಯುತ್ತಾರೆ. ಗ್ಲಿಸರಿನ್ನಿನ ವಿಷಯದಲ್ಲಿ ಈ ಅಸಡ್ಡೆ ಇನ್ನೂ ಅಪಾಯಕಾರಿ. 1986ರಲ್ಲಿ ಮುಂಬಯಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ನನ್ನು ಔಷಧವಾಗಿ ಕುಡಿದ 14 ರೋಗಿಗಳು ಮೃತಪಟ್ಟರು. ಮುಖಕ್ಕೆ ಹಚ್ಚುವುದು ಕುಡಿಯುವಷ್ಟು ಅಪಾಯಕರವಲ್ಲವಾದರೂ, ಬಿಲ್ಲಿಲ್ಲದೆ ಪೀಪಾಯಿಯಲ್ಲಿ ಬರುವ ಗ್ಲಿಸರಿನ್ ಯಾವ ಉದ್ದಿಮೆಗೆ ತಯಾರಾದದ್ದೆಂದು ಯಾರೂ ಹೇಳಲಾರರು. ಪರೀಕ್ಷಾ ಪ್ರಮಾಣಪತ್ರವಿಲ್ಲದ ಕಚ್ಚಾ ಸರಕನ್ನು ಖರೀದಿ ಪುಸ್ತಕಕ್ಕೆ ಸೇರಿಸದಿರುವುದು ಒಳ್ಳೆಯದು.

ಪಟ್ಟಿಯಲ್ಲಿ ಎಂದೂ ಕಾಣಿಸದ ಘಟಕವೂ ಒಂದಿದೆ. ಅದು ಪಾದರಸ. ಮುಖದ ಕ್ರೀಮುಗಳಲ್ಲಿ ಉದ್ದೇಶಪೂರ್ವಕವಲ್ಲದ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರುವಂತಿಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದಾಗ ವೈದ್ಯರ ಬೆರಳು ಪಾದರಸದತ್ತ ತಿರುಗಿತು. ಆಮದುದಾರರ ಹೆಸರಾಗಲಿ ನೋಂದಣಿ ಸಂಖ್ಯೆಯಾಗಲಿ ಇಲ್ಲದ ವಿದೇಶೀ ಟ್ಯೂಬುಗಳನ್ನು ದುಪ್ಪಟ್ಟು ಲಾಭದ ಆಸೆಗೆ ಮೇಜಿನ ಕೆಳಗಿಟ್ಟು ಮಾರುವವರಿಗೆ ಮುಂದೆ ಕೈ ತೋರಿಸಲು ತಯಾರಕನೇ ಇರುವುದಿಲ್ಲ.

"ಪ್ಯಾರಬೆನ್ ಮುಕ್ತ" ಎಂಬ ಘೋಷಣೆಯ ಕಥೆ ಬೋಧಪ್ರದವಾಗಿದೆ. 2004ರಲ್ಲಿ ಬ್ರಿಟನ್ನಿನ ಒಂದು ಸಣ್ಣ ಅಧ್ಯಯನವು ಸ್ತನದ ಗಡ್ಡೆಗಳಲ್ಲಿ ಪ್ಯಾರಬೆನ್ನುಗಳ ಅಂಶವಿದೆಯೆಂದು ವರದಿ ಮಾಡಿತು. ಅವೇ ರೋಗಕ್ಕೆ ಕಾರಣವೆಂದು ಅದು ಸಿದ್ಧಪಡಿಸಿರಲಿಲ್ಲ. ಆದರೂ ಗಾಬರಿ ಹರಡಿತು. ಪ್ಯಾರಬೆನ್ ಬಿಟ್ಟವರಲ್ಲಿ ಹಲವರು ಮಿಥೈಲ್‌ಐಸೊಥಯಜೋಲಿನೋನ್ ಎಂಬ ಸಂರಕ್ಷಕಕ್ಕೆ ಹೊರಳಿದರು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಹಚ್ಚಿ ತೊಳೆಯದೆ ಬಿಡುವ ಸರಕುಗಳಲ್ಲಿ ಅದನ್ನು ಐರೋಪ್ಯ ಒಕ್ಕೂಟವು 2017ರಿಂದ ನಿಷೇಧಿಸಿತು. ಅದೇ ಒಕ್ಕೂಟದಲ್ಲಿ ಮಿಥೈಲ್‌ಪ್ಯಾರಬೆನ್ ಶೇ. 0.4ರ ಮಿತಿಯಲ್ಲಿ ಇಂದಿಗೂ ಅನುಮತಿ ಪಡೆದಿದೆ. ನೀರಿರುವ ಕ್ರೀಮಿಗೆ ಸಂರಕ್ಷಕ ಬೇಕೇ ಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುವುದು ಗೋದಾಮಿನಲ್ಲಿಯೇ.

ಘಟಕಗಳ ಪಟ್ಟಿ ತೆರಿಗೆಯನ್ನೂ ತೀರ್ಮಾನಿಸುತ್ತದೆ ಎಂಬ ಅಂಶಕ್ಕೆ ಉದ್ದಿಮೆದಾರರು ಸಾಕಷ್ಟು ಗಮನ ಕೊಟ್ಟಿಲ್ಲ. ಮುಖದ ಕ್ರೀಮು 2017ರ ಜುಲೈನಲ್ಲಿ ಶೇ. 28ರ ಜಿಎಸ್‌ಟಿ ದರದಲ್ಲಿತ್ತು. ಅದೇ ವರ್ಷದ ನವೆಂಬರ್ 15ರಿಂದ ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರ ದರ ಪರಿಷ್ಕರಣೆಯಲ್ಲಿ ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಟಾಲ್ಕಂ ಪೌಡರು, ಮುಖದ ಪೌಡರುಗಳು ಶೇ. 5ಕ್ಕೆ ಬಂದವು, ಮುಖದ ಕ್ರೀಮು ಮಾತ್ರ ಶೇ. 18ರಲ್ಲಿಯೇ ಉಳಿಯಿತು. ಆಯುರ್ವೇದ ಔಷಧಗಳೂ ಅಂದೇ ಶೇ. 12ರಿಂದ 5ಕ್ಕೆ ಇಳಿದವು. ಹೀಗಾಗಿ ಒಂದೇ ಕ್ರೀಮು ಔಷಧವೆನಿಸಿದರೆ ಒಂದು ದರ, ಸೌಂದರ್ಯವರ್ಧಕವೆನಿಸಿದರೆ ಇನ್ನೊಂದು. ನಡುವಿನ ಅಂತರ ನೂರಕ್ಕೆ 13 ರೂಪಾಯಿ.

ಈ ಜಗಳ ಹೊಸದಲ್ಲ. ಕೇಂದ್ರ ಅಬಕಾರಿ ಸುಂಕದ ಕಾಲದಲ್ಲಿ ಮಾಯಿಶ್ಚುರೆಕ್ಸ್ ಎಂಬ ಕ್ರೀಮಿನ ಬಗ್ಗೆ ಸಿಯೆನ್ಸ್ ಲ್ಯಾಬೊರೇಟರೀಸ್ ಸಂಸ್ಥೆಗೂ ಇಲಾಖೆಗೂ ನಡೆದ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಇತ್ಯರ್ಥಪಡಿಸಿತು. ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಪ್ರೊಪಿಲೀನ್ ಗ್ಲೈಕಾಲ್‌ಗಳಿದ್ದ ಆ ಕ್ರೀಮು ಒಣಗಿ ಬಿರಿದ ಚರ್ಮದ ಚಿಕಿತ್ಸೆಗೆ ಬಳಕೆಯಾಗುತ್ತಿದ್ದುದರಿಂದ ಅದು ಔಷಧವೆಂದು ನ್ಯಾಯಾಲಯ ಹೇಳಿತು. ಔಷಧೀಯ ಘಟಕದ ಪ್ರಮಾಣವೊಂದೇ ನಿರ್ಣಾಯಕವಲ್ಲ, ವೈದ್ಯರ ಚೀಟಿಯಿಲ್ಲದೆ ಮಾರಾಟವಾದ ಮಾತ್ರಕ್ಕೆ ಅದು ಸೌಂದರ್ಯವರ್ಧಕವಾಗದು, ಬಳಸುವವರು ಅದನ್ನು ಏನೆಂದು ತಿಳಿಯುತ್ತಾರೆ ಎಂಬುದು ಮುಖ್ಯ ಎಂಬುದು ತೀರ್ಪಿನ ತಿರುಳು. ಇದನ್ನು ಅರ್ಧ ಓದಿದವರು ತಮ್ಮ ಕ್ರೀಮಿಗೂ ಒಂದಿಷ್ಟು ಅರಿಸಿನ, ಒಂದಿಷ್ಟು ಮಂಜಿಷ್ಠ ಬೆರೆಸಿ ಆಯುರ್ವೇದದ ಪರವಾನಗಿ ಪಡೆದು ಶೇ. 5ರಲ್ಲಿ ಬಿಲ್ಲು ಹರಿಯಲು ಹೊರಡುತ್ತಾರೆ. ಆದರೆ ಡಬ್ಬಿಯ ಮುಂಬದಿಯಲ್ಲಿ "ಕಾಂತಿಗಾಗಿ" ಎಂದು ಮುದ್ರಿಸಿ, ಜಾಹೀರಾತಿನಲ್ಲಿ ಮದುವಣಗಿತ್ತಿಯನ್ನು ತೋರಿಸಿ, ಇಲಾಖೆಯ ಮುಂದೆ ಮಾತ್ರ ಅದು ಚರ್ಮರೋಗದ ಮದ್ದೆಂದರೆ ಯಾರು ಒಪ್ಪುತ್ತಾರೆ? ವ್ಯತ್ಯಾಸದ ತೆರಿಗೆ, ಅದರ ಮೇಲೆ ಶೇ. 18ರ ಬಡ್ಡಿ, ದಂಡ ಎಲ್ಲವೂ ಸೇರಿ ಬರುವ ಹೊತ್ತಿಗೆ ಸರಕು ಮಾರಿ ವರ್ಷಗಳಾಗಿರುತ್ತವೆ. ಗಿರಾಕಿಯಿಂದ ವಸೂಲಿ ಮಾಡುವ ದಾರಿ ಮುಚ್ಚಿರುತ್ತದೆ.

ತಿಪಟೂರಿನ ಕೊಬ್ಬರಿ ವರ್ತಕರಿಗೆ ಇಂಥ ವಿವಾದದ ಪರಿಚಯ ಇದ್ದೇ ಇದೆ. ಸಣ್ಣ ಸೀಸೆಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬುದು ಹಲವು ವರ್ಷ ನ್ಯಾಯಾಲಯಗಳಲ್ಲಿ ಸುತ್ತಿ, 2024ರ ಡಿಸೆಂಬರಿನಲ್ಲಿ ಖಾದ್ಯತೈಲವೆಂದೇ ಪರಿಗಣಿಸಬಹುದೆಂಬ ತೀರ್ಪಿನೊಂದಿಗೆ ಮುಗಿಯಿತು. ಅಲ್ಲಿಯೂ ಸೀಸೆಯ ಮೇಲೆ ಏನು ಬರೆದಿದೆ ಎಂಬುದಕ್ಕೆ ಬೆಲೆಯಿತ್ತು. ವರ್ಷ ತುಂಬುವುದರೊಳಗೆ ಎರಡೂ ಬಗೆಯ ಎಣ್ಣೆಗಳ ದರ ಒಂದೇ ಆಗಿ ಜಗಳದ ಬೇರೇ ಒಣಗಿತು. ಕ್ರೀಮಿನ ಬೇರು ಮಾತ್ರ ಇನ್ನೂ ಹಸಿಯಾಗಿದೆ.

ಈಗ ನಿಯಮದಲ್ಲಿನ ಒಂದು ವಿನಾಯಿತಿಯ ವಿಚಾರ. 60 ಮಿಲಿಲೀಟರಿಗಿಂತ ಕಡಿಮೆಯ ದ್ರವ ಮತ್ತು 30 ಗ್ರಾಮಿಗಿಂತ ಕಡಿಮೆಯ ಘನ ಅಥವಾ ಅರೆಘನ ಸರಕಿನ ಪೊಟ್ಟಣಗಳ ಮೇಲೆ ಘಟಕಗಳ ಪಟ್ಟಿ ಕಡ್ಡಾಯವಲ್ಲ. ಜಾಗದ ಕೊರತೆ ಇದಕ್ಕೆ ಸಮರ್ಥನೆಯಾಗಿರಬಹುದು. ಪರಿಣಾಮ ಮಾತ್ರ ವಿಚಿತ್ರವಾಗಿದೆ. ನಗರದ ಮಳಿಗೆಯಲ್ಲಿ 100 ಗ್ರಾಮಿನ ಡಬ್ಬಿ ಕೊಳ್ಳುವವರಿಗೆ ಎಲ್ಲವೂ ತಿಳಿಯುತ್ತದೆ. ಸಂತೆಯ ದಿನ ಹಳ್ಳಿಯ ಅಂಗಡಿಯಲ್ಲಿ 15 ಗ್ರಾಮಿನ ಟ್ಯೂಬು ಕೊಳ್ಳುವ ಕೂಲಿ ಹೆಣ್ಣುಮಗಳಿಗೆ ಏನೂ ತಿಳಿಯಬೇಕಾಗಿಲ್ಲ. ಕಾನೂನು ಮಾಪನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಿಂದ ಗ್ರಾಮೊಂದರ ಬೆಲೆ ಟ್ಯೂಬಿನ ಮೇಲೆ ಬಂದಿದೆ. ಆ ಗ್ರಾಮಿನಲ್ಲಿ ಏನಿದೆ ಎಂಬುದು ಬಂದಿಲ್ಲ. ಮುಖ ಉರಿದು ಆಕೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ವೈದ್ಯರ ಕೈಗೆ ಕೊಡಲು ಆಕೆಯ ಬಳಿ ಇರುವುದು ಕೇಸರಿಯ ಚಿತ್ರವೊಂದೇ. ಸಣ್ಣ ಪೊಟ್ಟಣ ಕೊಂಡವರ ಚರ್ಮವೇನೂ ಬೇರೆ ಬಗೆಯದಲ್ಲವಾದ್ದರಿಂದ ಈ ವಿನಾಯಿತಿ ರದ್ದಾಗುವುದು ನ್ಯಾಯ.

ರದ್ದಾಗುವವರೆಗೂ ಕಾಯಬೇಕಾದ ಅಗತ್ಯ ಸಣ್ಣ ತಯಾರಕರಿಗಿಲ್ಲ. ಜಾಹೀರಾತಿನಲ್ಲಿ ಅವರು ದೊಡ್ಡ ಕಂಪನಿಗಳೊಡನೆ ಸೆಣಸಲಾರರು. ಆದರೆ ಗ್ಲಿಸರಿನ್ ಇಷ್ಟು, ಪ್ಯಾರಫಿನ್ ಇಷ್ಟು ಎಂದು ಶೇಕಡಾವಾರು ಮುದ್ರಿಸಿದ ಟ್ಯೂಬಿನ ಮುಂದೆ ಕೇಸರಿಯ ಚಿತ್ರ ಮಂಕಾಗಬಲ್ಲದು. ಸೂತ್ರ ಬಯಲಾಗುವುದೆಂಬ ಭಯಕ್ಕೆ ಆಧಾರ ಕಡಿಮೆ. ವ್ಯಾನಿಷಿಂಗ್ ಕ್ರೀಮಿನ ಸೂತ್ರ ಕಾಲೇಜಿನ ಪಠ್ಯಪುಸ್ತಕಗಳಲ್ಲಿದೆ. ಸಾಲ ಪರವಾನಗಿಯ ಮೇಲೆ ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿಕೊಳ್ಳುವವರು ಮಾತ್ರ ಒಂದು ಎಚ್ಚರ ವಹಿಸಬೇಕು: ಒಪ್ಪಂದಪತ್ರದಲ್ಲಿ ಪ್ರತಿ ತಂಡದ ಬೆರಕೆ ದಾಖಲೆಯ ನಕಲನ್ನು ಪಡೆಯುವ ಹಕ್ಕು ಸೇರಿರಲಿ. ಡಬ್ಬಿಯ ಮೇಲೆ ಹೆಸರಿರುವವರೇ ದಾರಿತಪ್ಪಿಸುವ ಜಾಹೀರಾತಿಗೆ ಉತ್ತರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ತಪ್ಪಿಗೇ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. "ನೈಸರ್ಗಿಕ", "ಪರಿಸರಸ್ನೇಹಿ" ಮುಂತಾದ ಪದಗಳಿಗೂ ಆಧಾರ ತೋರಿಸಬೇಕೆಂದು 2024ರ ಅಕ್ಟೋಬರಿನ ಮಾರ್ಗಸೂಚಿಗಳು ಹೇಳುತ್ತವೆ.

ಭಾಷೆಯ ಪ್ರಶ್ನೆಯೂ ಇದೆ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ಸರ್ಕಾರವು 2025ರಲ್ಲಿ ಸೂಚಿಸಿತು. ಘಟಕಗಳ ಪಟ್ಟಿ ಮಾತ್ರ ಲ್ಯಾಟಿನ್ ಮತ್ತು ಇಂಗ್ಲಿಷಿನಲ್ಲಿಯೇ ಉಳಿದಿದೆ. ಶ್ರೀಗಂಧವು ಅಲ್ಲಿ ಸ್ಯಾಂಟಲಂ ಆಲ್ಬಂ, ನೀರು ಆಕ್ವಾ. ಮೊದಲ ಐದು ಘಟಕಗಳನ್ನು ಕನ್ನಡದಲ್ಲಿ ಬರೆಯಲು ಒಂದೇ ಸಾಲು ಸಾಕು. ಕಿರು ಟ್ಯೂಬಿನಲ್ಲಿ ಅದಕ್ಕೆ ಸ್ಥಳವಿಲ್ಲವೆನ್ನುವವರು ತಮ್ಮದೇ ಟ್ಯೂಬಿನ ಮುಂಬದಿಯನ್ನು ಅಳೆದು ನೋಡಬೇಕು. ಹೂವಿನ ಚಿತ್ರವನ್ನು ಅರ್ಧ ಅಂಗುಲ ಕಿರಿದು ಮಾಡಿದರೆ ಹಿಂಬದಿಯ ಬರಹಕ್ಕೆ ಜಾಗ ಸಿಗುತ್ತದೆ, ಮುದ್ರಣದ ಅಚ್ಚನ್ನು ಹೇಗೂ ಬೆಲೆ ಬದಲಾದಾಗ ಹೊಸದಾಗಿ ಮಾಡಿಸಲೇಬೇಕು.